ಮಿದುಳಿನ ಅಳತೆ: ಅಂಕಿ ಬಂದರೆ ಸಾಕೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಹಿರಿಯರಿಗೆ ಮರೆವು ಶುರುವಾದರೆ ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾಗುವುದುಂಟು. ಮಂಗಳೂರಿಗೆ ಕರೆದೊಯ್ದು ಎಂಆರ್‌ಐ ಮಾಡಿಸುವವರೂ ಇದ್ದಾರೆ. ವರದಿಯಲ್ಲಿ ‘ವಯೋಸಹಜವಾಗಿ ಮಿದುಳು ಕುಗ್ಗಿದೆ’ ಎಂದಿದ್ದರೆ ನಿಮಗೆ ತಿಳಿದದ್ದೇನು? ಎಷ್ಟು ಕುಗ್ಗಿದೆ? ಯಾರಿಗೆ ಹೋಲಿಸಿ?

ಸಾಮಾನ್ಯ ಎಂಆರ್‌ಐ ಚಿತ್ರದ ಕಪ್ಪು-ಬಿಳುಪಿಗೆ ಏಕಮಾನವಿಲ್ಲ. ಈ ಕೊರತೆಯನ್ನು ನೀಗಲು ಬಂದದ್ದು ಪರಿಮಾಣಾತ್ಮಕ ಎಂಆರ್‌ಐ. ಕಾಂತಕ್ಷೇತ್ರದಲ್ಲಿ ರೇಡಿಯೋ ತರಂಗ ಕದಡಿದ ಹೈಡ್ರೊಜನ್ ಪ್ರೋಟಾನುಗಳು ಸಮಸ್ಥಿತಿಗೆ ಮರಳುವ ಕಾಲವನ್ನು ಅದು ಮಿಲಿಸೆಕೆಂಡುಗಳಲ್ಲಿ ಕೊಡುತ್ತದೆ. ನೆನಪಿಗೆ ಬೇಕಾದ ಹಿಪೋಕ್ಯಾಂಪಸ್‌ನ ಗಾತ್ರವನ್ನು ಘನ ಮಿಲಿಮೀಟರುಗಳಲ್ಲಿ ಕೊಡುತ್ತದೆ. ಆಲ್‌ಜೈಮರ್ ರೋಗದಲ್ಲಿ ಈ ಭಾಗ ಸಹಜ ಮುಪ್ಪಿಗಿಂತ ಬೇಗ ಕುಗ್ಗುತ್ತದೆ. ಪಾರ್ಕಿನ್‌ಸನ್ ರೋಗದಲ್ಲಿ ಮಧ್ಯಮಿದುಳಿನ ಸಬ್‌ಸ್ಟಾನ್ಶಿಯ ನೈಗ್ರದಲ್ಲಿ ಕಬ್ಬಿಣಾಂಶ ಹೆಚ್ಚುತ್ತದೆ. ಇಂಥ ಬದಲಾವಣೆಗಳನ್ನು ವ್ಯಕ್ತಿ ಬದುಕಿರುವಾಗಲೇ ವರ್ಷ ವರ್ಷವೂ ಅಳೆಯಬಹುದೆಂಬುದು ಈ ವಿಧಾನದ ದೊಡ್ಡ ಲಾಭ.

ಆದರೆ ಅಂಕಿ ಬಂದ ಮಾತ್ರಕ್ಕೆ ಅನುಮಾನ ಮುಗಿಯದು. ಪ್ರೋಟಾನಿನ ಅನುರಣನ ಆವೃತ್ತಿ 1.5 ಟೆಸ್ಲದಲ್ಲಿ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲದಲ್ಲಿ 128. ಅದೇ ಮಿದುಳಿನ ಟಿ1 ಕಾಲ 3 ಟೆಸ್ಲದಲ್ಲಿ ಹೆಚ್ಚು. ಆದ್ದರಿಂದ ಎರಡು ಯಂತ್ರಗಳ ಸಂಖ್ಯೆಗಳನ್ನು ನೇರವಾಗಿ ಹೋಲಿಸಲಾಗದು. ಇನ್ನೊಂದು ತೊಡಕೂ ಇದೆ. ಕಬ್ಬಿಣಾಂಶ ಹೆಚ್ಚಿದರೆ ಟಿ2 ಕಾಲ ಕಿರಿದಾಗುತ್ತದೆ, ನೀರಿನಂಶ ಹೆಚ್ಚಿದರೆ ಹಿರಿದಾಗುತ್ತದೆ. ಎರಡೂ ಒಟ್ಟಿಗೆ ಆದರೆ ಒಂದು ಇನ್ನೊಂದನ್ನು ಮರೆಮಾಚಬಹುದು.

ಮೂರನೆಯ ಪ್ರಶ್ನೆ ಹೋಲಿಕೆಯದು. 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ಪ್ರಸಿದ್ಧ ಆಲ್‌ಜೈಮರ್ ಚಿತ್ರಣ ಯೋಜನೆಯಲ್ಲಿ ಹೆಚ್ಚಿನವರು ಓದುಬರಹ ಬಲ್ಲ ಬಿಳಿಯರು. ಅವರ ಸರಾಸರಿ ನಮಗೆ ಅಳತೆಗೋಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ಮೀರಿದ 10,000 ಮಂದಿಯನ್ನು ದೀರ್ಘಕಾಲ ಗಮನಿಸುವ ಗುರಿ ಇಟ್ಟುಕೊಂಡಿರುವುದು ಇದಕ್ಕಾಗಿಯೇ ಮೆಚ್ಚತಕ್ಕದ್ದು. ಅಲ್ಲಿ ಎಂಆರ್‌ಐ ಜತೆಗೆ ನೆನಪಿನ ಪರೀಕ್ಷೆಗಳೂ ಇವೆ.

ಆದರೂ ಶ್ರೀನಿವಾಸಪುರ ಬೆಳ್ತಂಗಡಿಯಲ್ಲ. ಮನೆಯಲ್ಲಿ ತುಳು ಅಥವಾ ಬ್ಯಾರಿ ಆಡುವ ಅಜ್ಜಿಗೆ ಗ್ರಾಂಥಿಕ ಕನ್ನಡದಲ್ಲಿ ಪರೀಕ್ಷೆ ಕೊಟ್ಟರೆ ಭಾಷೆಯ ತೊಡಕೇ ಮರೆವೆಂದು ಎಣಿಕೆಯಾದೀತು. ಆ ಅಂಕಕ್ಕೆ ಜೋಡಿಸಿದರೆ ಎಷ್ಟೇ ನಿಖರವಾದ ಚಿತ್ರವೂ ದಾರಿ ತಪ್ಪಿಸುತ್ತದೆ.

ಮರೆವಿಗೆ ಬಿ12 ಜೀವಸತ್ತ್ವದ ಕೊರತೆ, ಥೈರಾಯ್ಡ್ ದೋಷವೂ ಕಾರಣವಾಗಬಹುದು. ಇವು ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ, ಚಿಕಿತ್ಸೆಯೂ ಇದೆ. ಆದ್ದರಿಂದ ಅಧ್ಯಾಪಕರೇ, ವಿದ್ಯಾರ್ಥಿಗಳೇ, ಮಿದುಳಿನ ಅಂಕಿಯೊಂದು ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ: ಏಕಮಾನ ಯಾವುದು? ದೋಷದ ಮಿತಿ ಎಷ್ಟು? ಹೋಲಿಕೆ ಯಾರೊಡನೆ? ಉತ್ತರ ಸಿಗುವವರೆಗೆ ಅದನ್ನು ತೀರ್ಪೆಂದು ಒಪ್ಪಬೇಡಿ.