ಹಿಂದಕ್ಕೆ ಓಡಿಸುವವರ ಆಟ: ಟ್ರ್ಯಾಕ್ಟರ್ ರಿವರ್ಸ್ ನೋಡುವ ರಸಿಕರಿಗೊಂದು ಕೈಪಿಡಿ

ತೇರು ಎಳೆದ ಮರುದಿನ ಊರ ಹೊರಗಿನ ಬಯಲಿನಲ್ಲಿ ಸುಣ್ಣದ ಎರಡು ಗೆರೆ ಬಿದ್ದವೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹುಡುಗರಿಗೆ ಬೇರೆ ಏನೂ ಹೇಳಬೇಕಾಗಿಲ್ಲ. ಸಂಗ್ರಾಣಿ ಕಲ್ಲು ಎತ್ತುವುದು, ಜೋಳದ ಚೀಲ ಹೊರುವುದು, ಜೋಡೆತ್ತು ಭಾರದ ಕಲ್ಲು ಜಗ್ಗುವುದು, ಇವೆಲ್ಲ ಇಲ್ಲಿನ ಜಾತ್ರೆಗಳ ಹಳೆಯ ಪಂದ್ಯಗಳು. ಇವುಗಳ ಸಾಲಿಗೆ ಆಮೇಲೆ ಬಂದು ಸೇರಿದ್ದು ಟ್ರ್ಯಾಕ್ಟರ್ ರಿವರ್ಸ್. ಹಿಂದೆ ಡಬ್ಬಿ ಕಟ್ಟಿದ ಟ್ರ್ಯಾಕ್ಟರನ್ನು ಗೆರೆ ಮುಟ್ಟಿಸದೆ, ಬಾವುಟ ಕೆಡವದೆ, ಎಲ್ಲರಿಗಿಂತ ಬೇಗ ಹಿಂದಕ್ಕೆ ಒಯ್ಯಬೇಕು. ಟ್ರೇಲರಿಗೆ ಈ ಭಾಗದಲ್ಲಿ ಡಬ್ಬಿ ಎಂದೇ ಹೆಸರು.

ಹೊಸಬರು ಮಾಡುವ ಮೊದಲ ತಪ್ಪೆಂದರೆ ಟ್ರ್ಯಾಕ್ಟರನ್ನು ನೋಡುವುದು. ಟ್ರ್ಯಾಕ್ಟರು ದೊಡ್ಡದು, ಬಣ್ಣದ್ದು, ಮೈತುಂಬ ಹೂವಿನ ಸರ, ಬಾನೆಟ್ಟಿನ ಮೇಲೆ ಮನೆದೇವರ ಹೆಸರು, ಎದೆ ನಡುಗಿಸುವ ಹಾಡು. ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೆ ಪಂದ್ಯ ನಡೆಯುವುದು ಟ್ರ್ಯಾಕ್ಟರಿಗೂ ಡಬ್ಬಿಗೂ ನಡುವೆ ಇರುವ ಒಂದು ಗೇಣು ಜಾಗದಲ್ಲಿ, ಹುಕ್ಕಿನೊಳಗೆ ಇಳಿದ ಆ ಕಬ್ಬಿಣದ ಪಿನ್ನಿನ ಸುತ್ತ. ಕಣ್ಣು ಅಲ್ಲಿ ನೆಟ್ಟವರಿಗೆ ಮಾತ್ರ ಈ ಆಟ ತನ್ನ ಗುಟ್ಟು ಬಿಟ್ಟುಕೊಡುತ್ತದೆ.

ಗುಟ್ಟು ಇಷ್ಟು. ಮುಂದಕ್ಕೆ ಹೋಗುವಾಗ ಡಬ್ಬಿ ವಿಧೇಯ. ಟ್ರ್ಯಾಕ್ಟರು ಎಲ್ಲಿ ಹೋದರೆ ಅಲ್ಲಿ ಬರುತ್ತದೆ, ಸೊಟ್ಟಗಿದ್ದರೂ ಎಳೆದಂತೆಲ್ಲ ತಾನಾಗಿ ನೆಟ್ಟಗಾಗುತ್ತದೆ. ಹಿಂದಕ್ಕೆ ದೂಡಿದ ಕೂಡಲೇ ಅದರ ಗುಣವೇ ಬದಲಾಗುತ್ತದೆ. ಬೆರಳಷ್ಟು ಸೊಟ್ಟಗಾದರೂ ಆ ಸೊಟ್ಟ ತಾನಾಗಿ ಬೆಳೆಯುತ್ತದೆ. ಬೆರಳು ಗೇಣಾಗಿ, ಗೇಣು ಮೊಳವಾಗಿ, ಕೊನೆಗೆ ಡಬ್ಬಿ ಅಡ್ಡ ತಿರುಗಿ ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಬಂದು ತಾಗುತ್ತದೆ. ಒಂದು ಹದ್ದು ದಾಟಿದ ಮೇಲೆ ಎಷ್ಟೇ ಸ್ಟೇರಿಂಗ್ ತಿರುಗಿಸಿದರೂ ಅದನ್ನು ಹಿಂದಕ್ಕೆ ಹೋಗುತ್ತಲೇ ಸರಿಪಡಿಸಲಾಗದು. ಮುಂದಕ್ಕೆ ಎಳೆದೇ ನೆಟ್ಟಗೆ ಮಾಡಬೇಕು. ಅಂಗೈ ಮೇಲೆ ಕೋಲು ನಿಲ್ಲಿಸಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೋಲು ಬೀಳುವ ದಿಕ್ಕಿಗೆ, ಅದು ಬೀಳುವ ಮೊದಲೇ, ಕೈ ಹೋಗಿರಬೇಕು.

ಇದರ ಮೇಲೆ ಇನ್ನೊಂದು ತೊಡಕಿದೆ. ಎರಡು ಗಾಲಿಯ ಡಬ್ಬಿಯ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಬೇಕು. ನಾಲ್ಕು ಗಾಲಿಯ ಡಬ್ಬಿಯಾದರೆ ಕೀಲು ಎರಡು: ಒಂದು ಹುಕ್ಕಿನಲ್ಲಿ, ಇನ್ನೊಂದು ಡಬ್ಬಿಯ ಮುಂದಿನ ಅಚ್ಚು ತಿರುಗುವಲ್ಲಿ. ಉಲ್ಟಾದ ಮೇಲೆ ಇನ್ನೊಂದು ಉಲ್ಟಾ. ಬಾಲ ಎಡಕ್ಕೆ ಬೇಕೆಂದರೆ ಸ್ಟೇರಿಂಗೂ ಮೊದಲು ಎಡಕ್ಕೇ ಹೋಗಬೇಕು. ಮುಂದಿನ ಅಚ್ಚು ಬೇಕಾದಷ್ಟು ತಿರುಗಿತು ಎನ್ನುವ ಹೊತ್ತಿಗೆ ಕೈ ಬಲಕ್ಕೆ ಬಂದು ಅದನ್ನು ತಡೆದಿರಬೇಕು. ಹೀಗಾಗಿ ನಾಲ್ಕು ಗಾಲಿಯ ಒಂದು ಡಬ್ಬಿ ಲೆಕ್ಕದಲ್ಲಿ ಎರಡು ಗಾಲಿಯ ಎರಡು ಡಬ್ಬಿಗೆ ಸಮ. ಈ ಲೆಕ್ಕವನ್ನು ಹಾಳೆಯ ಮೇಲೆ ಬಿಡಿಸುವುದು ಗಣಿತ ಓದಿದವರಿಗೂ ಸುಲಭವಲ್ಲ. ಅದನ್ನು ಅರೆಕ್ಷಣದಲ್ಲಿ, ಕುತ್ತಿಗೆ ಹಿಂದಕ್ಕೆ ಹೊರಳಿಸಿ, ಒಂದೇ ಕೈಯಲ್ಲಿ ಬಿಡಿಸುವ ಇಪ್ಪತ್ತರ ಹುಡುಗರು ಈ ನಾಲ್ಕು ತಾಲ್ಲೂಕುಗಳಲ್ಲಿ ಊರಿಗಿಬ್ಬರು ಸಿಕ್ಕಾರು.

ಅವರು ಇದನ್ನು ಕಲಿತದ್ದು ಎಲ್ಲಿ? ಪಂದ್ಯಕ್ಕಾಗಿ ಯಾರೂ ಕಲಿಯಲಿಲ್ಲ. ಇದರ ಬೇರು ನೀರಿನಲ್ಲಿದೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಒಪ್ಪಿಸಿದ್ದು 2006ರ ಆಗಸ್ಟ್ 21ರಂದು. ಈ ನಾಲ್ವತ್ತು ವರ್ಷ ಕಾದ ನೀರು, ನಾರಾಯಣಪುರದ ಎಡದಂಡೆಯಿಂದ ಇಂಡಿ ಶಾಖಾ ಕಾಲುವೆಗೆ ಹರಿದ ನೀರು, ಆ ಕಡೆ ಭೀಮೆಯ ನೀರು, ಇವು ಮುಟ್ಟಿದ ಎರಿ ಹೊಲಗಳಲ್ಲಿ ಬಿಳಿಜೋಳದ ಪಕ್ಕ ಕಬ್ಬು ನಿಂತಿತು. ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದಿತು, ಸುತ್ತಲೂ ಖಾಸಗಿ ಕಾರ್ಖಾನೆಗಳು ಬಂದವು. ಕಬ್ಬು ಸಾಗಿಸಲು ಎರಡೆರಡು ಡಬ್ಬಿಯ ಟ್ರ್ಯಾಕ್ಟರು ಬಂತು. ಆ ಟ್ರ್ಯಾಕ್ಟರು ನಸುಕಿನ ಮಂಜಿನಲ್ಲಿ, ಒಡ್ಡು ಒಂದು ಕಡೆ, ಕಾಲುವೆ ಇನ್ನೊಂದು ಕಡೆ ಇರುವ ಬಂಡಿದಾರಿಯಲ್ಲಿ ಖಾಲಿ ಡಬ್ಬಿಯನ್ನು ಹಿಂದಕ್ಕೆ ದೂಡುತ್ತ ಕಬ್ಬು ಕಡಿಯುವ ಗ್ಯಾಂಗಿನ ಹತ್ತಿರ ಒಯ್ಯಬೇಕು. ತಿರುಗಿಸಲು ಅಲ್ಲಿ ಜಾಗವಿಲ್ಲ. ಸುಣ್ಣದ ಗೆರೆ ಆಮೇಲೆ ಬಂದದ್ದು. ಮೊದಲು ಇದ್ದದ್ದು ಒಡ್ಡು ಮತ್ತು ಕಾಲುವೆ.

ಎತ್ತಿನ ಕಾಲದಲ್ಲಿ ಈ ವಿದ್ಯೆಗೆ ಪೂರ್ವಜರಿಲ್ಲ ಎಂಬುದನ್ನೂ ಗಮನಿಸಬೇಕು. ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು, ಅಲ್ಲಿನ ಗುಡಿಯಲ್ಲಿ ನಂದಿಯೇ ಮೂಲದೇವರು. ಎತ್ತಿನ ಮೇಲೆ ಈ ಸೀಮೆಗೆ ಇರುವ ಅಕ್ಕರೆಯನ್ನು ಕಾರ ಹುಣ್ಣಿಮೆಯ ದಿನ ಕರಿ ಹರಿಯುವಾಗ ನೋಡಬೇಕು. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ, ಕಂದು ಎತ್ತು ಬಂದರೆ ಮುಂಗಾರಿ ಚಲೋ ಎಂದು ಇಡೀ ಊರು ಉಸಿರು ಬಿಗಿಹಿಡಿದು ಕಾಯುತ್ತದೆ. ಆದರೆ ಎತ್ತು ಮುಂದಕ್ಕೆ ನುಗ್ಗುವ ಜೀವ. ನೊಗ ಹೊತ್ತು ಹಿಂದಕ್ಕೆ ನಾಲ್ಕು ಹೆಜ್ಜೆ ಇಡೆಂದರೆ ಮುಖ ತಿರುವುತ್ತದೆ. ಹಿಂದಕ್ಕೆ ನಡೆಸುವ ಕಲೆ ಇಲ್ಲಿ ಪೂರ್ತಿ ಹೊಸದು, ಟ್ರ್ಯಾಕ್ಟರು ಹತ್ತಿದವರೇ ಹುಟ್ಟಿಸಿಕೊಂಡದ್ದು.

ದುಡಿಮೆಯ ಗಾಡಿಯೇ ಪಂದ್ಯದ ಗಾಡಿಯಾಗುವುದು ಜಗತ್ತಿನಲ್ಲಿ ಇದೇ ಮೊದಲಲ್ಲ. ಅಮೆರಿಕದ ಸ್ಟಾಕ್ ಕಾರ್ ರೇಸಿನ ಕತೆಯೂ ಹೀಗೆಯೇ ಶುರುವಾಗುತ್ತದೆ. ಅಂಗಡಿಯಿಂದ ಕೊಂಡ, ಮನೆಮಂದಿ ಓಡಾಡುವ ಕಾರಿಗೆ ಅಲ್ಲಿ ಸ್ಟಾಕ್ ಕಾರ್ ಎಂದು ಹೆಸರು. ಅದನ್ನೇ ಮಣ್ಣಿನ ಹಾದಿಯಲ್ಲಿ ಓಡಿಸುವ ಪಂದ್ಯಗಳಿಗೆ 1948ರಲ್ಲಿ ನ್ಯಾಸ್ಕಾರ್ ಎಂಬ ಸಂಸ್ಥೆ ಕಟ್ಟಿದರು. 1949ರ ಜೂನ್‌ನಲ್ಲಿ ಷಾರ್ಲೆಟ್‌ನಲ್ಲಿ ನಡೆದ, ಅಂಥ ಕಾರುಗಳ ಮೊದಲ ನ್ಯಾಸ್ಕಾರ್ ಪಂದ್ಯಕ್ಕೆ ಲೀ ಪೆಟಿ ಎಂಬವರು ಎರವಲು ತಂದ ಬ್ಯೂಕ್ ಕಾರಿನಲ್ಲಿ ಇಳಿದು ಅದನ್ನು ಪಲ್ಟಿ ಹೊಡೆಸಿದರು. ನಾರ್ತ್ ಕೆರೊಲಿನಾದ ಲೆವೆಲ್ ಕ್ರಾಸ್ ಎಂಬ ಹಳ್ಳಿಯಲ್ಲಿ, ಹೊಲದ ಯಂತ್ರ ನಿಲ್ಲಿಸುವ ಮಣ್ಣುನೆಲದ ಕೊಟ್ಟಿಗೆಯೇ ಅವರ ಗ್ಯಾರೇಜು. ಅವರ ಮಗ ರಿಚರ್ಡ್ ಪೆಟಿ 1958ರಲ್ಲಿ ಸ್ಟೇರಿಂಗ್ ಹಿಡಿದು 1992ರವರೆಗೆ ಬಿಡಲಿಲ್ಲ. ಒಟ್ಟು 1184 ಪಂದ್ಯ, 200 ಗೆಲುವು, ಏಳು ಸಲ ವರ್ಷದ ಚಾಂಪಿಯನ್. 1967ರ ಒಂದೇ ವರ್ಷದಲ್ಲಿ 27 ಪಂದ್ಯ ಗೆದ್ದರು, ಅದರಲ್ಲಿ ಹತ್ತು ಒಂದರ ಹಿಂದೊಂದು.

ಈ ಅಂಕಿಗಳ ನಡುವೆ ರಸಿಕರು ನಿಂತು ನೋಡಬೇಕಾದದ್ದು ಕೊನೆಯ ಭಾಗ. ಪೆಟಿಯವರ ಇನ್ನೂರನೆಯ ಗೆಲುವು 1984ರ ಜುಲೈ 4ರದ್ದು. ಆಮೇಲೆ ಎಂಟು ವರ್ಷ ಅವರು ಒಂದೂ ಪಂದ್ಯ ಗೆಲ್ಲಲಿಲ್ಲ, ಆದರೂ ಓಡಿಸಿದರು, ಆದರೂ ಜನ ಬಂದರು. ಆ ಎಂಟು ವರ್ಷ ಬಂದ ಜನರಿಗೆ ಗೆಲುವಿನ ಹೊರತಾಗಿಯೂ ನೋಡಲು ಏನೋ ಇತ್ತು. ಅದೇ ಕಣ್ಣನ್ನು ಜಾತ್ರೆಯ ಬಯಲಿಗೂ ತರಬೇಕು.

ಇಲ್ಲಿ ಚಾಲಕನ ದಾರಿ ಉದ್ದ. ಮೊದಲು ಕ್ಲೀನರ್ ಆಗಿ ಡೀಸೆಲ್ ಕ್ಯಾನು ಹೊರುತ್ತಾನೆ, ಪಿನ್ನು ಹಾಕುತ್ತಾನೆ, ಡಬ್ಬಿಯ ಹಿಂದೆ ನಿಂತು ಕೈಸನ್ನೆ ಮಾಡುತ್ತಾನೆ. ಆಮೇಲೆ ಮಾಲಕರ ಹೊಲದಲ್ಲಿ ನೇಗಿಲು, ರಂಟೆ. ಕಾರ್ಖಾನೆ ಸುರುವಾದ ಮೇಲೆ ಚಳಿಗಾಲವೆಲ್ಲ ರಸ್ತೆಯ ಮೇಲೆ, ತೂಕದ ಕಾಟಾದ ಮುಂದಿನ ಸಾಲಿನಲ್ಲಿ. ಹೀಗೆ ಹತ್ತಿಪ್ಪತ್ತು ಹಂಗಾಮು ಕಳೆದವನು ಬಯಲಿಗೆ ಇಳಿದಾಗ ಇಪ್ಪತ್ತರ ಹುಡುಗನಿಗಿಂತ ನಿಧಾನ ಇರಬಹುದು, ಬಹುಮಾನ ಹುಡುಗನಿಗೇ ಹೋಗಬಹುದು. ಆದರೆ ಅವನ ಸ್ಟೇರಿಂಗ್ ನೋಡಿ. ಹುಡುಗ ಇಷ್ಟಗಲ ತಿರುಗಿಸಿ, ಮತ್ತೆ ಅಷ್ಟೇ ಅಗಲ ವಾಪಸು ತಿರುಗಿಸುತ್ತಾನೆ. ತಪ್ಪು ಕಂಡ ಮೇಲೆ ತಿದ್ದುವವನ ಕೈ ಅದು. ಹಳಬನ ಎಡಗೈ ಸ್ಟೇರಿಂಗಿನ ಮೇಲೆ, ಬಲಗೈ ಹಿಂದಿನ ಮಡ್‌ಗಾರ್ಡಿನ ಮೇಲೆ, ಸೊಂಟದಿಂದ ಮೇಲಕ್ಕೆ ಮೈ ಪೂರ್ತಿ ಹಿಂದಕ್ಕೆ. ಸ್ಟೇರಿಂಗ್ ನಾಲ್ಕು ಬೆರಳು ಆ ಕಡೆ, ಎರಡು ಬೆರಳು ಈ ಕಡೆ. ಡಬ್ಬಿ ಸೊಟ್ಟಗಾದದ್ದು ನೋಡುಗರ ಕಣ್ಣಿಗೆ ಬೀಳುವುದೇ ಇಲ್ಲ, ಅದಕ್ಕೂ ಮೊದಲೇ ಅವನು ಅದನ್ನು ಹಿಡಿದಿರುತ್ತಾನೆ. ಏನೂ ನಡೆಯುತ್ತಿಲ್ಲವೇನೋ ಅನ್ನಿಸುವಂಥ ಓಟವೇ ಈ ಆಟದಲ್ಲಿ ಎಲ್ಲಕ್ಕಿಂತ ದೊಡ್ಡದು. ಅಂಥದಕ್ಕೆ ಸಿಳ್ಳೆ ಕಡಿಮೆ ಬೀಳುತ್ತದೆ ಎಂಬುದು ನಿಜಕ್ಕೂ ಬೇಸರದ ಸಂಗತಿ.

ಕಣ್ಣಿನಷ್ಟೇ ಕಿವಿಯನ್ನೂ ಪಳಗಿಸಬೇಕು. ಹುಕ್ಕಿನ ತೂತಿಗೂ ಪಿನ್ನಿಗೂ ನಡುವೆ ಸ್ವಲ್ಪ ಸಡಿಲು ಇದ್ದೇ ಇರುತ್ತದೆ. ಗೇರು ಬಿದ್ದು ಟ್ರ್ಯಾಕ್ಟರು ಹಿಂದಕ್ಕೆ ಸರಿದಾಗ ಆ ಸಡಿಲು ಮುಚ್ಚಿ ‘ಟಣ್’ ಎನ್ನುತ್ತದೆ. ಬಲ್ಲ ಚಾಲಕನ ಓಟದಲ್ಲಿ ಇದು ಒಂದೇ ಸಲ. ಆಮೇಲೆ ಎಂಜಿನ್ನಿನ ಸದ್ದು ಮಾತ್ರ, ಒಂದೇ ಎತ್ತರದಲ್ಲಿ. ಅವನು ವೇಗವನ್ನು ಏರಿಳಿಸುವುದಿಲ್ಲ. ಡಬ್ಬಿಯ ಮೇಲೆ ಹಿಂದೊತ್ತು ಒಂದೇ ಸಮ ಇರುತ್ತದೆ. ಅಳ್ಳೆದೆಯವನು ಬ್ರೇಕು ಒತ್ತುತ್ತಾನೆ, ಬ್ರೇಕಿಲ್ಲದ ಡಬ್ಬಿ ತನ್ನ ಓಟದಲ್ಲೇ ಹಿಂದಕ್ಕೆ ಎಳೆಯುತ್ತದೆ, ಟಣ್. ಮತ್ತೆ ರೇಸ್ ಕೊಡುತ್ತಾನೆ, ಟಣ್. ಈ ಸದ್ದು ಎಣಿಸುವ ಮುದುಕರು ಗೆರೆಗೆ ಬೆನ್ನು ಹಾಕಿ ಕುಳಿತೂ ಯಾರ ಓಟ ಹೇಗೆ ಹೋಯಿತೆಂದು ಹೇಳಬಲ್ಲರು. ಹಾಡಿನ ಡಬ್ಬ ಬಂದ್ ಮಾಡಿಸುವ ಕಮಿಟಿಯವರಿಗೆ ಅದಕ್ಕಾಗಿಯೇ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ.

ಓಟಕ್ಕೆ ಮೊದಲು ಡಬ್ಬಿಯ ಸುತ್ತ ಒಂದು ಸುತ್ತು ಹಾಕಿ ಬರುವುದು ಒಳ್ಳೆಯದು. ಪಿನ್ನಿನಿಂದ ಅಚ್ಚಿನವರೆಗಿನ ಉದ್ದವನ್ನು ಹೆಜ್ಜೆಯಲ್ಲಿ ಅಳೆಯಿರಿ. ಉದ್ದ ಡಬ್ಬಿ ಸಾವಕಾಶ ತಿರುಗುತ್ತದೆ, ತಿದ್ದಲು ಹೊತ್ತು ಕೊಡುತ್ತದೆ. ಗಿಡ್ಡ ಡಬ್ಬಿ ಚುರುಕು, ಕಣ್ಣು ಮಿಟುಕಿಸುವಷ್ಟರಲ್ಲಿ ಅಡ್ಡ ಬೀಳುತ್ತದೆ. ಹಾಗಾಗಿ ಒಂದೇ ಡಬ್ಬಿಯನ್ನು ಎಲ್ಲರಿಗೂ ಕೊಡುವ ಪಂದ್ಯದಲ್ಲಿ ಹೋಲಿಕೆ ಸರಿಯಾಗಿ ಆಗುತ್ತದೆ. ಅವರವರ ಡಬ್ಬಿ ಅವರವರು ತರುವ ಕಡೆ ಗಡಿಯಾರದ ಲೆಕ್ಕವನ್ನು ಪೂರ್ತಿ ನಂಬಬಾರದು. ನಿಯಮಗಳು ಊರಿಂದೂರಿಗೆ ಬೇರೆ. ಕೆಲವೆಡೆ ಗುರಿ ಮುಟ್ಟಲು ಹಿಡಿದ ಹೊತ್ತು, ಕೆಲವೆಡೆ ಗೊತ್ತಾದ ಹೊತ್ತಿನಲ್ಲಿ ಹೋದ ದೂರ. ನೆಲವನ್ನೂ ಮುಟ್ಟಿ ನೋಡಿ. ಎರಿ ಮಣ್ಣು ಒಣಗಿ ಬಿರುಕು ಬಿಟ್ಟಿದ್ದರೆ ಖಾಲಿ ಡಬ್ಬಿ ಪುಟಿಯುತ್ತದೆ, ಮಸಾರಿ ಮಣ್ಣಿನಲ್ಲಿ ಮುಂಗಾಲಿ ಜಾರುತ್ತದೆ. ಗಾಲಿಯ ಕೆಳಗೆ ಇಟ್ಟ ನಿಂಬೆಹಣ್ಣು ಮಾತ್ರ ಎಲ್ಲ ನೆಲದಲ್ಲೂ ಒಂದೇ. ಇಂಡಿಯ ನಿಂಬೆ ಭೌಗೋಳಿಕ ಗುರುತು ಪಡೆದ ಹಣ್ಣು, ಅದು ಒಡೆದ ವಾಸನೆ ಡೀಸೆಲ್ ಹೊಗೆಯ ಜೊತೆ ಸೇರಿದಾಗಲೇ ಇಲ್ಲಿಯವರಿಗೆ ಪಂದ್ಯ ಸುರುವಾದಂತೆ.

ಬೇಕಿದ್ದರೆ ಚಾಲಕನ ಪಾದವನ್ನೂ ನೋಡಬಹುದು. ಟ್ರ್ಯಾಕ್ಟರಿನ ಎಡಗಡೆಯ ದೊಡ್ಡ ಗಾಲಿಗೊಂದು, ಬಲಗಡೆಯದಕ್ಕೊಂದು ಬೇರೆ ಬೇರೆ ಬ್ರೇಕು. ರಸ್ತೆಯಲ್ಲಿ ಎರಡನ್ನೂ ಕೊಂಡಿ ಹಾಕಿ ಜೋಡಿಸಬೇಕು, ಹೊಲದಲ್ಲಿ ಬಿಡಿಸಿಕೊಳ್ಳುತ್ತಾರೆ. ಸ್ಟೇರಿಂಗಿಗೆ ನಿಲುಕದ ತಿದ್ದುಪಡಿಯನ್ನು ಒಂದೇ ಬ್ರೇಕು ಚೂರು ಮುಟ್ಟಿ ಮಾಡುವವರುಂಟು. ಅದು ಕಲಿತ ಕಾಲಿನ ಕೆಲಸ.

ಇನ್ನು ನಿಲ್ಲುವ ಜಾಗ. ಗುರಿಯ ಹಿಂದೆ ನಿಂತರೆ ಡಬ್ಬಿ ಎದುರಿಗೇ ಬರುವುದು ಚೆನ್ನಾಗಿ ಕಾಣುತ್ತದೆಂದು ಹುಡುಗರು ಅಲ್ಲೇ ಮುಗಿಬೀಳುತ್ತಾರೆ. ಅಲ್ಲಿ ಯಾರೂ ನಿಲ್ಲಬಾರದು. ಹಿಂದಕ್ಕೆ ಬರುವವನಿಗೆ ಡಬ್ಬಿಯ ಆಚೆಗಿರುವ ಮಗು ಕಾಣುವುದಿಲ್ಲ. ಟ್ರ್ಯಾಕ್ಟರುಗಳು ಒಂದನ್ನೊಂದು ಜಗ್ಗುವ ಪಂದ್ಯದಲ್ಲಂತೂ ಮುಂಗಾಲಿ ಮೇಲೆದ್ದು ಟ್ರ್ಯಾಕ್ಟರು ಹಿಂದಕ್ಕೆ ಮಗುಚುವ ಅಪಾಯ ಸದಾ ಇದೆ. ಟ್ರ್ಯಾಕ್ಟರ್ ಸಾಹಸ ತೋರಿಸುವಾಗ ಗುರುದಾಸಪುರ ಜಿಲ್ಲೆಯಲ್ಲಿ ಒಬ್ಬ ತರುಣ ಸತ್ತ ಮೇಲೆ, 2023ರ ಅಕ್ಟೋಬರ್‌ನಲ್ಲಿ ಪಂಜಾಬ್ ಸರಕಾರ ಅಂಥ ಪ್ರದರ್ಶನಗಳನ್ನೇ ನಿಷೇಧಿಸಿತು. ರಿವರ್ಸ್ ಪಂದ್ಯಕ್ಕೆ ಆ ಗತಿ ಬರಬಾರದೆಂದರೆ ಹಗ್ಗ ಕಟ್ಟಬೇಕು, ಗುರಿಯ ಹಿಂದಿನ ಜಾಗ ಖಾಲಿ ಇರಬೇಕು. ಒಳ್ಳೆಯ ನೋಟ ಸಿಗುವುದೂ ಪಕ್ಕದಿಂದಲೇ, ಹಾದಿಯ ಮೊದಲ ಮೂರನೇ ಒಂದು ಭಾಗದಲ್ಲಿ, ಹುಕ್ಕು ಕಾಣುವಂತೆ. ಓಟ ಕೆಡುವುದು ಬಹುಮಟ್ಟಿಗೆ ಅಲ್ಲೇ. ಕೊನೆಯಲ್ಲಿ ಬಾವುಟ ಬೀಳುವುದು ಅದರ ಫಲ ಮಾತ್ರ.

ಒಬ್ಬ ಚಾಲಕನನ್ನು ಒಂದೇ ಜಾತ್ರೆಯಲ್ಲಿ ನೋಡಿ ಅಳೆಯಬಾರದು. ಸಂಕ್ರಾಂತಿಯ ಹೊತ್ತಿಗೆ ಒಂದು ಊರಲ್ಲಿ, ಬೇಸಿಗೆಯಲ್ಲಿ ಇನ್ನೊಂದು ಊರಲ್ಲಿ, ಬೇರೆ ನೆಲ, ಬೇರೆ ಡಬ್ಬಿಯ ಮೇಲೆ ನೋಡಬೇಕು. ಮೂರು ನಾಲ್ಕು ವರ್ಷ ಹೀಗೆ ಬೆನ್ನುಹತ್ತಿದರೆ ಒಬ್ಬನ ಕೈ ಇನ್ನೊಬ್ಬನದಕ್ಕಿಂತ ಹೇಗೆ ಬೇರೆ ಎಂಬುದು ಹಾಡುಗಾರರ ಕಂಠದಷ್ಟು ಸ್ಪಷ್ಟವಾಗಿ ತಿಳಿಯುತ್ತದೆ.

ಬಹುಮಾನ ಹಂಚಿ, ಪೆಂಡಾಲು ಬಿಚ್ಚುವಾಗ ಹೊಸಬರು ಮನೆಗೆ ಹೊರಡುತ್ತಾರೆ. ಬಲ್ಲವರು ಆಗ ಹಾದಿಗೆ ಇಳಿಯುತ್ತಾರೆ. ಹಿಂದಕ್ಕೆ ಹೋಗುವಾಗ ಮೊದಲು ನೆಲ ಮುಟ್ಟುವುದು ಡಬ್ಬಿಯ ಗಾಲಿ, ಆಮೇಲೆ ಟ್ರ್ಯಾಕ್ಟರಿನ ದೊಡ್ಡ ಗಾಲಿ, ಎಲ್ಲಕ್ಕೂ ಕೊನೆಗೆ ಮುಂಗಾಲಿ. ಹೀಗಾಗಿ ಎಲ್ಲದರ ಮೇಲೆ ಉಳಿಯುವುದು ಮುಂಗಾಲಿಯ ಗೆರೆ. ಆ ದಿನದ ಕೊನೆಯ ಓಟದ ಗೆರೆ ಇನ್ನೂ ಹಸಿಯಾಗಿರುತ್ತದೆ. ಡಬ್ಬಿಯ ಗುರುತು ನೇರ. ಅದರ ಮೇಲೆ ಮುಂಗಾಲಿಯದು ಸಣ್ಣ ಸಣ್ಣ ಅಲೆ, ಮೊದಲ ಹತ್ತು ಮಾರು ಒತ್ತೊತ್ತಾಗಿ, ಮುಂದೆ ಬರಬರುತ್ತ ತೆಳ್ಳಗಾಗಿ, ಆಮೇಲೆ ಕಾಣದೆ ಹೋಗುತ್ತದೆ. ಧೋತರದ ಚುಂಗು ಎತ್ತಿ ಹಿಡಿದ ಅಜ್ಜ ಆ ಅಲೆಗಳ ಪಕ್ಕದಲ್ಲೇ ನಡೆಯುತ್ತ, ಕೋಲಿನ ತುದಿಯಿಂದ ಒಂದು ಜಾಗ ತೋರಿಸಿ, “ಇಲ್ನೋಡೋ ತಮ್ಮಾ, ಇಲ್ಲಿ ಹಿಡದಾನ ನೋಡು ಅಂವ” ಎನ್ನುತ್ತಾನೆ. ಮೊಮ್ಮಗ ಕುಕ್ಕರುಗಾಲಲ್ಲಿ ಕುಳಿತು ಆ ಗೆರೆಯ ಮೇಲೆ ಬೆರಳು ಆಡಿಸುತ್ತಾನೆ.