ಅಂಚೆಕಾರ್ಡಿನ ರವಿವರ್ಮ: ಒಂದು ಕರ್ತೃತ್ವ ವಿಚಾರ

ಹೊರನಾಡಿನಲ್ಲಿದ್ದು ಕರ್ನಾಟಕದ ಕಲಾಸಂಗ್ರಹಗಳನ್ನು ಅಭ್ಯಸಿಸುವವರಿಗೆ ಚಿತ್ರದ ಅಂಚೆಕಾರ್ಡು ಬಹುಮಟ್ಟಿಗೆ ಆಕರವೇ ಆಗಿಬಿಡುತ್ತದೆ. ಹೈದರಾಬಾದಿನ ಸಂಶೋಧಕರು ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋಗಿ ರಾಜಾ ರವಿವರ್ಮನ ಮೂಲಕೃತಿಗಳನ್ನು ಕಣ್ಣಾರೆ ಕಾಣಬಲ್ಲರು. ಆದರೆ ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹ ಅವರ ಮೇಜಿಗೆ ಬರುವುದು ಅಂಗೈಯಗಲದ ಮುದ್ರಿತ ಪ್ರತಿಯಾಗಿ. ಆ ಪ್ರತಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೇ ಇಲ್ಲಿನ ಪ್ರಶ್ನೆ.

ಒಂದು ನಿದರ್ಶನವನ್ನು ಪರಿಶೀಲಿಸಬಹುದು. ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಜ್ವಾಲೆಗೆ ಮರೆಮಾಡಿ ನಿಂತ ಸ್ತ್ರೀಯ ಚಿತ್ರ ಜಗನ್ಮೋಹನ ಅರಮನೆಯಲ್ಲಿದೆ. ಮುದ್ರಿತ ಪ್ರತಿಗಳ ಮೂಲಕ ಇದು ಮನೆಮನೆಗೆ ಪರಿಚಿತವಾದಂತೆ, ರವಿವರ್ಮನ ಕೃತಿಯೆಂಬ ನಂಬಿಕೆಯೂ ಬೇರೂರಿತು. ವಾಸ್ತವವಾಗಿ ಇದು ಎಸ್.ಎಲ್. ಹಳದಣಕರ (1882–1968) ಅವರ ‘ಗ್ಲೋ ಆಫ್ ಹೋಪ್’. ತಮ್ಮ ಮಗಳನ್ನೇ ಮಾದರಿಯಾಗಿಟ್ಟುಕೊಂಡು ಅವರು ಇದನ್ನು 1940ರ ದಶಕದಲ್ಲಿ ರಚಿಸಿದರು. ರವಿವರ್ಮ ತೀರಿಕೊಂಡದ್ದು 1906ರಲ್ಲಿ.

ಈ ಪ್ರಮಾದಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಮೊದಲನೆಯದಾಗಿ, ರವಿವರ್ಮನ ಮೂಲಕೃತಿಗಳೂ ಅದೇ ಸಂಗ್ರಹದಲ್ಲಿವೆ. ಎರಡನೆಯದು ಇನ್ನೂ ಮುಖ್ಯವಾದುದು. ಮುಂಬಯಿಯಲ್ಲಿ 1894ರಲ್ಲಿ ಆರಂಭಗೊಂಡ ರವಿವರ್ಮ ಮುದ್ರಣಾಲಯದ ವರ್ಣಮುದ್ರಿಕೆಗಳು ಅವನ ಹೆಸರನ್ನು ಒಂದು ಶೈಲಿಯ ಹೆಸರನ್ನಾಗಿಯೇ ಮಾಡಿದವು. ಸೀರೆಯುಟ್ಟ ಸುಂದರಿ, ನೈಜ ನೆರಳು-ಬೆಳಕು ಇವೆರಡಿದ್ದರೆ ಸಾಕು, ಚಿತ್ರ ರವಿವರ್ಮನದಾಗುತ್ತದೆ. ಪ್ರತಿಕೃತಿಯಿಂದ ಬಂದ ಕೀರ್ತಿ ಹೀಗೆ ಮತ್ತೊಬ್ಬ ಕಲಾವಿದರ ಶ್ರಮವನ್ನು ನುಂಗಿತು.

ನಷ್ಟ ಹೆಸರಿನದು ಮಾತ್ರವಲ್ಲ. ಹಳದಣಕರರ ಚಿತ್ರ ಜಲವರ್ಣದ್ದು. ರವಿವರ್ಮನ ಪ್ರಸಿದ್ಧಿ ತೈಲವರ್ಣದ್ದು. ತೈಲಚಿತ್ರದಲ್ಲಿ ಕಲಾವಿದ ಬೆಳಕನ್ನು ಕೊನೆಯಲ್ಲಿಯೂ ದಟ್ಟ ಬಣ್ಣದಿಂದ ಮೇಲೆ ಹಚ್ಚಬಲ್ಲ, ತಪ್ಪನ್ನು ತಿದ್ದಬಲ್ಲ. ಪಾರದರ್ಶಕ ಜಲವರ್ಣದಲ್ಲಿ ಬೆಳಕು ಕಾಗದದ ಬಿಳುಪಿನಿಂದಲೇ ಮೂಡಬೇಕು. ಎಲ್ಲಿ ಬಣ್ಣವನ್ನು ತೆಳುವಾಗಿ ಬಿಡಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಜ್ವಾಲೆಗೆ ಅಡ್ಡವಾದ ಬೆರಳುಗಳ ಕೆಂಪು, ಮುಖದ ಹೊಳಪು, ಸುತ್ತಲಿನ ಗಾಢ ಕತ್ತಲೆ ಇವೆಲ್ಲವನ್ನೂ ಈ ಕಠಿಣ ಮಾಧ್ಯಮದಲ್ಲಿ ಸಾಧಿಸಿರುವುದೇ ಚಿತ್ರದ ಹಿರಿಮೆ. ನುಣುಪು ಕಾರ್ಡಿನ ಮೇಲೆ ತೈಲವೂ ಜಲವೂ ಒಂದೇ ಮುದ್ರಣಶಾಯಿಯಾಗಿ ಕಾಣುತ್ತವೆ. ಕಾರ್ಡನ್ನಷ್ಟೇ ನೋಡಿ ಇದನ್ನು ತೈಲಚಿತ್ರವೆಂದು ಭಾವಿಸಿದ ವಿಮರ್ಶಕರು ಕಲಾವಿದರ ಮುಖ್ಯ ಸಾಧನೆಯನ್ನೇ ಕಾಣದೆಹೋಗುತ್ತಾರೆ.

ಪ್ರತಿಕೃತಿಯನ್ನು ತಿರಸ್ಕರಿಸುವುದು ಈ ಬರಹದ ಉದ್ದೇಶವಲ್ಲ. ಅರಮನೆಯ ಕಲೆಯನ್ನು ಜನಸಾಮಾನ್ಯರ ಗೋಡೆಗೆ ತಂದುದು ಅದೇ. ಆದರೆ ಕಲಾವಿದ, ಮಾಧ್ಯಮ, ಅಳತೆ, ಕಾಲ, ಸಂಗ್ರಹ ಇವಿಷ್ಟನ್ನು ಕಾರ್ಡಿನ ಬೆನ್ನಿನ ಮೇಲೆ ಮುದ್ರಿಸುವುದು ಪ್ರಕಾಶಕರಿಗೆ ಹೊರೆಯಾಗಲಾರದು. ಅಂಥ ವಿವರವಿಲ್ಲದ ಕಾರ್ಡನ್ನು ಆಧಾರವೆಂದು ಉಲ್ಲೇಖಿಸುವ ಮುನ್ನ ದೂರದಲ್ಲಿರುವ ಸಂಶೋಧಕರು ಒಮ್ಮೆಯಾದರೂ ಮೈಸೂರಿಗೆ ಹೋಗಿ ಮೂಲದ ಮುಂದೆ ನಿಲ್ಲುವುದು ಅಗತ್ಯ.