ಬಿಸಿನೀರಿನ ಬಿಲ್ಲು ಯಾರ ಹೆಸರಿಗೆ?

ತುಮಕೂರು ರಸ್ತೆಯಲ್ಲಿ ಮಾದಾವರ ದಾಟಿ ಮಾಕಳಿಯತ್ತ ಹೋದರೆ ಬಾಡಿಗೆ ಮನೆಗಳ ತಾರಸಿಯ ಮೇಲೆ ಸೋಲಾರ್ ಟ್ಯಾಂಕುಗಳು ಕಾಣಸಿಗುತ್ತವೆ. ಅಂಥ ಎಷ್ಟೋ ಮನೆಗಳ ಕೆಳ ಅಂತಸ್ತಿನ ಬಚ್ಚಲಿನಲ್ಲಿ ಮಾತ್ರ ಗೀಸರ್ ಉರಿಯುತ್ತಿರುತ್ತದೆ, ಇಲ್ಲವೇ ಬಕೆಟ್ಟಿನಲ್ಲಿ ಹೀಟರ್ ರಾಡು ಮುಳುಗಿರುತ್ತದೆ. ಬಿಸಿಲು ಪುಕ್ಕಟೆ ಸಿಗುವಾಗ ಈ ಜನ ಕರೆಂಟು ಸುಡುವುದೇಕೆ? ಅವರಿಗೆ ಲೆಕ್ಕ ಬರುತ್ತದೆ, ಅದಕ್ಕೇ.

ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 24 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು 360 ಕಿಲೋಕ್ಯಾಲರಿ ಶಾಖ ಬೇಕು. ಕರೆಂಟಿನಲ್ಲಿ ಅದು 0.42 ಯೂನಿಟ್. 2025-26ರ ಗೃಹಬಳಕೆ ದರ ಯೂನಿಟ್ಟಿಗೆ 5 ರೂ. 80 ಪೈಸೆ, ಸರ್‌ಚಾರ್ಜು, ತೆರಿಗೆ ಕೂಡಿದರೆ ಆರೂಮುಕ್ಕಾಲು ರೂಪಾಯಿಯ ಆಸುಪಾಸು. ಬಕೆಟ್ಟಿಗೆ 2 ರೂ. 80 ಪೈಸೆ ಆಯಿತು. 14.2 ಕೆ.ಜಿ. ಸಿಲಿಂಡರು 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 855 ರೂ. 50 ಪೈಸೆಗೆ ಏರಿತು. ಆ ದರದಲ್ಲಿ ಇದೇ ನೀರನ್ನು ಗ್ಯಾಸ್ ಒಲೆಯ ಮೇಲಿಟ್ಟರೆ ಸುಮಾರು 50 ಗ್ರಾಂ ಅನಿಲ, ಅಂದರೆ ಮೂರು ರೂಪಾಯಿ. ಶಾಖ ಅಷ್ಟಾಗಿ ಪೋಲಾಗದ ಗ್ಯಾಸ್ ಗೀಸರಿನಲ್ಲಿ ಎರಡೂವರೆ.

ಕರೆಂಟಿಗಿಂತ ಗ್ಯಾಸು ಅಗ್ಗ ಎಂಬ ಮಾತಿನ ತೂಕ ಇಷ್ಟೇ: ಬಕೆಟ್ಟಿಗೆ ಮೂವತ್ತು ಪೈಸೆ. ಆ ಮೂವತ್ತು ಪೈಸೆಗಾಗಿ ಕಿಟಕಿಯಿಲ್ಲದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಕೂರಿಸುವುದು ಶುದ್ಧ ಅವಿವೇಕ. ಅದು ಉಗುಳುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿ ಬೆಂಗಳೂರಿಗೆ ಹೊಸದಲ್ಲ.

ಗೀಸರಿನ ಮೇಲಿನ ನಕ್ಷತ್ರಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅವು ನೀರು ಎಷ್ಟು ಚೆನ್ನಾಗಿ ಕಾಯುತ್ತದೆಂದು ಹೇಳುವುದಿಲ್ಲ. ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನೆ ನಿಂತಾಗ ಎಷ್ಟು ಶಾಖ ಸೋರುತ್ತದೆಂದು ಹೇಳುತ್ತವೆ. ಸ್ನಾನಕ್ಕೆ ಮುಂಚೆ ಹಾಕಿ, ಮುಗಿದೊಡನೆ ಆರಿಸುವವರಿಗೆ ಐದು ನಕ್ಷತ್ರದಿಂದ ದಕ್ಕುವ ಲಾಭ ಅತ್ಯಲ್ಪ. ಆ ಲೆಕ್ಕದಲ್ಲಿ ಕೆಲವೇ ನೂರು ರೂಪಾಯಿಯ ರಾಡು ಗೀಸರಿಗೆ ಏನೂ ಕಡಿಮೆಯಲ್ಲ. 1,500 ವ್ಯಾಟಿನದಾದರೆ ಹದಿನೇಳು ನಿಮಿಷದಲ್ಲಿ ಬಕೆಟ್ ಸಿದ್ಧ. ಆದರೆ ಅದು ಆರೂವರೆ ಆಂಪಿಯರ್ ಎಳೆಯುತ್ತದೆ. ಪೀಣ್ಯದ ಪಾಳಿ ಮುಗಿಸಿ ಬಂದವರು ಫೋನ್ ಚಾರ್ಜಿನ 6 ಆಂಪಿಯರ್ ಸಾಕೆಟ್ಟಿಗೇ ಅದನ್ನು ಸಿಕ್ಕಿಸಿ, ನೀರು ಬೆಚ್ಚಗಾಯಿತೇ ಎಂದು ಬೆರಳದ್ದಿ ನೋಡುತ್ತಾರೆ.

ಸೌದೆ ಅಗ್ಗ ಎಂಬುದು ಹಳ್ಳಿಯ ನೆನಪು. ತೋಟದ ಗರಿ, ಮಟ್ಟೆ, ಕರಟ ಇದ್ದವರ ಹಂಡೆ ಒಲೆಗೆ ಖರ್ಚಿರಲಿಲ್ಲ, ನಿಜ. ಆದರೆ ಮಾಮೂಲಿ ಒಲೆಯಲ್ಲಿ ಸೌದೆಯ ಹೆಚ್ಚಿನ ಶಾಖ ಗೋಡೆಗೂ ಗಾಳಿಗೂ ಹೋಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ಕೂಟ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು ಒಲೆ ಸುಧಾರಣೆಗೆ ಕೈಹಾಕಿದ್ದು ಇಂಥ ಪೋಲನ್ನು ಕಂಡೇ. ನೂರರಲ್ಲಿ ಹದಿನೈದು ಪಾಲು ಶಾಖ ನೀರಿಗೆ ಮುಟ್ಟಿತೆಂದರೂ ಬಕೆಟ್ಟಿಗೆ 600 ಗ್ರಾಂ ಸೌದೆ ಬೇಕು. ಕಿಲೋಗೆ ಎಂಟು ರೂಪಾಯಿ ಕೊಟ್ಟು ಕೊಂಡರೆ ಐದು ರೂಪಾಯಿಯ ಹತ್ತಿರ ಬರುತ್ತದೆ. ಇವೆಲ್ಲವುಗಳಲ್ಲಿ ದುಬಾರಿ ಅದೇ.

ಇನ್ನು ಸೋಲಾರ್. ನಾಲ್ಕು ಜನರ ಮನೆಗೆ ದಿನಕ್ಕೆ ನಾಲ್ಕು ಬಕೆಟ್ ಎಂದರೆ ತಿಂಗಳಿಗೆ 50 ಯೂನಿಟ್, ಸುಮಾರು 340 ರೂಪಾಯಿ. ನೂರು ಲೀಟರಿನ ಸೋಲಾರಿಗೆ ಇಪ್ಪತ್ತು ಸಾವಿರ ಬಿದ್ದರೆ, ಮೋಡದ ದಿನಗಳನ್ನು ಕಳೆದು, ಆರು ವರ್ಷಕ್ಕೆ ದುಡ್ಡು ಮರಳುತ್ತದೆ. ಬೆಸ್ಕಾಂ 2007ರಿಂದ ನಗರದ 30×40 ಮತ್ತು ದೊಡ್ಡ ನಿವೇಶನಗಳ ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿದಾಗ ಮನಸ್ಸಿನಲ್ಲಿದ್ದದ್ದು ಸ್ವಂತ ಮನೆಯಲ್ಲಿ ತಾನೇ ವಾಸಿಸುವ ಕುಟುಂಬವಿರಬೇಕು. ಬಾಡಿಗೆ ಮಹಡಿಗಳಲ್ಲಿ ಹಣ ಹಾಕುವವರು ಒಬ್ಬರು, ಬಿಲ್ಲು ಕಟ್ಟುವವರು ಇನ್ನೊಬ್ಬರು. ತಾರಸಿಯಿಂದ ಕೆಳಗಿಳಿಯುವ ಹದಿನೈದು ಮೀಟರ್ ಮುಕ್ಕಾಲಿಂಚಿನ ಪೈಪಿನಲ್ಲಿ ನಿಂತ ನಾಲ್ಕೈದು ಲೀಟರ್ ತಣ್ಣೀರು ಹೊರಗೆ ಬಂದ ಮೇಲೆಯೇ ಬಿಸಿನೀರಿನ ಸರದಿ. ಟ್ಯಾಂಕರ್ ನೀರು ಕೊಳ್ಳುವ ಮನೆಗೆ ಅದೂ ಖರ್ಚೇ. ಸಾಲದ್ದಕ್ಕೆ ಬೋರ್‌ವೆಲ್ಲಿನ ಗಡಸು ನೀರು ಕೊಳವೆಗಳಲ್ಲಿ ಸುಣ್ಣ ಕಟ್ಟಿಸುತ್ತದೆ.

ಇದರ ಮೇಲೆ 2023ರಲ್ಲಿ ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಂತು. 2022-23ರ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿ, 200 ಯೂನಿಟ್ ಮೀರದಂತೆ, ಉಚಿತ ಪಾಲು ಗೊತ್ತಾಯಿತು. ಆ ವರ್ಷ ಗೀಸರ್ ಉರಿಸಿದವರಿಗೆ ಉಚಿತ ಪಾಲು ದೊಡ್ಡದು. ಸೋಲಾರ್ ಹಾಕಿಸಿ ಕರೆಂಟು ಉಳಿಸಿದವರಿಗೆ ಚಿಕ್ಕದು. ಉಳಿತಾಯಕ್ಕೆ ಇದಕ್ಕಿಂತ ಕೆಟ್ಟ ಬಹುಮಾನ ಹುಡುಕುವುದು ಕಷ್ಟ. ಪಾಲಿನೊಳಗಿರುವ ಬಾಡಿಗೆದಾರರಿಗೆ ಗೀಸರಿನ ಬಕೆಟ್ಟಿಗೆ ಸೊನ್ನೆ ರೂಪಾಯಿ. ಅವರಿಗೆ ಸೋಲಾರ್ ಯಾವ ವರ್ಷವೂ ದುಡ್ಡು ಮರಳಿಸದು. ಪಾಲು ದಾಟಿದವರಿಗೆ ಮೇಲಿನ ಯೂನಿಟ್ಟಿಗಷ್ಟೇ ಬಿಲ್ಲು. ಬಳಕೆ 200 ದಾಟಿತೋ, ಮೊದಲ ಯೂನಿಟ್ಟಿನಿಂದ ಪೂರ್ತಿ ಕಟ್ಟಬೇಕು. 200ರ ಗಡಿಯಲ್ಲಿರುವ ಮನೆಗೆ ಆ ಒಂದು ಬಕೆಟ್ಟಿನ ಬೆಲೆ 1,300 ರೂಪಾಯಿ ಮೇಲ್ಪಟ್ಟು. ಡಿಸೆಂಬರಿನ ಚಳಿಯಲ್ಲಿ ಮೀಟರು ನೋಡಿಕೊಂಡು, ತಿಂಗಳ ಕೊನೆಯ ವಾರ ಗ್ಯಾಸ್ ಒಲೆಯ ಮೇಲೆ ನೀರಿಡುವ ಗೃಹಿಣಿಯ ಲೆಕ್ಕ ಸರಿಯಾಗಿಯೇ ಇದೆ.